ಗಟ್ಟಿಯಾದ ಡ್ರಾಯಿಂಗ್ ಇಂಕು: ಯಾವುದನ್ನು ಉಳಿಸಬಹುದು, ಹೇಗೆ ಉಳಿಸಬಹುದು

ಡ್ರಾಯಿಂಗ್ ಇಂಕು ಗಟ್ಟಿಯಾಯಿತೆಂದರೆ ಹೆಚ್ಚಿನವರು ನಲ್ಲಿ ನೀರು ಬಿಟ್ಟು ಬಾಟಲಿಯನ್ನು ಜೋರಾಗಿ ಕುಲುಕುತ್ತಾರೆ. ಉಳಿಯಬಹುದಾಗಿದ್ದ ಇಂಕು ಕೆಡುವುದು ಬಹುಪಾಲು ಇಲ್ಲೇ. ಹಾಸನ, ಚಿಕ್ಕಮಗಳೂರಿನ ಎಲ್ಲ ಸ್ಟೇಷನರಿ ಅಂಗಡಿಯಲ್ಲೂ ಈ ಇಂಕು ಸಿಗುವುದಿಲ್ಲ. ಸಿಕ್ಕರೂ ಕೆಲವೊಮ್ಮೆ ಕಪಾಟಿನಲ್ಲಿ ಬಹಳ ಕಾಲ ಕೂತ ಹಳೇ ಸ್ಟಾಕು. ಮುಚ್ಚಳ ತೆಗೆಯುವ ಹೊತ್ತಿಗೇ ಮಂದವಾಗಿರುತ್ತದೆ. ಬೇಲೂರು, ಹಳೇಬೀಡಿನ ಶಿಲ್ಪಗಳನ್ನು ನಿಬ್ಬಿನಲ್ಲಿ ಬರೆಯುವ ವಿದ್ಯಾರ್ಥಿಗಳಿಗೆ, ಪ್ಲಾನ್ ಡ್ರಾಯಿಂಗ್ ಮಾಡುವವರಿಗೆ, ಅಕ್ಷರ ಬರೆಯುವವರಿಗೆ ಇದು ಆಗಾಗ ಎದುರಾಗುವ ತೊಂದರೆ.

ಈ ಕೆಲಸದಲ್ಲಿ ಒಂದು ಲೆಕ್ಕವನ್ನು ಬಿಡಬಾರದು: ಇಂಕಿನಿಂದ ಏನು ಹಾರಿಹೋಗಿದೆಯೋ ಅದನ್ನೇ, ಅಷ್ಟೇ ವಾಪಸು ಹಾಕಬೇಕು. ಅದಕ್ಕಾಗಿ ಮೊದಲು ಇಂಕಿನ ಜಾತಿ ಗೊತ್ತಾಗಬೇಕು.

ಇಂಕು ಯಾವುದು?

ಕಪ್ಪು ಡ್ರಾಯಿಂಗ್ ಇಂಕಿನ ಕಪ್ಪು ಬರುವುದು ಸಾಮಾನ್ಯವಾಗಿ ಮಸಿಯಿಂದ, ಅಂದರೆ ಕಾರ್ಬನ್ ಪುಡಿಯಿಂದ. ಅದು ನೀರಿನಲ್ಲಿ ಕರಗುವುದಿಲ್ಲ, ತೇಲುತ್ತಿರುತ್ತದೆ ಅಷ್ಟೆ. ಅದನ್ನು ತೇಲಿಸಿಟ್ಟು, ಒಣಗಿದ ಮೇಲೆ ಕಾಗದಕ್ಕೆ ಹಿಡಿಸುವುದು ಅಂಟು. ಅಂಟು ಯಾವುದು ಎಂಬುದರ ಮೇಲೆಯೇ ಮುಂದಿನ ಚಿಕಿತ್ಸೆ.

ವಾಟರ್‌ಪ್ರೂಫ್ ಎಂದು ಬರೆದಿರುವ ಹಳೇ ಬಗೆಯ ಇಂಡಿಯನ್ ಇಂಕಿನಲ್ಲಿ ಇರುವುದು ಅರಗು, ಅಂದರೆ ಶೆಲ್ಲಾಕ್. ಅರಗು ಬರೀ ನೀರಿನಲ್ಲಿ ಕರಗದು. ಬಿಳಿಗಾರ ಅಥವಾ ಅಮೋನಿಯಾ ಸೇರಿಸಿ ನೀರನ್ನು ಕ್ಷಾರ ಮಾಡಿದಾಗ ಮಾತ್ರ ಕರಗುತ್ತದೆ. ವಾಟರ್‌ಪ್ರೂಫ್ ಅಲ್ಲದ ಕೆಲವು ಇಂಕುಗಳಲ್ಲಿ ಗೋಂದು ಇರುತ್ತದೆ. ಅಕ್ರಿಲಿಕ್ ಇಂಕಿನಲ್ಲಿ ಇರುವುದು ಪ್ಲಾಸ್ಟಿಕ್ ಜಾತಿಯ ಅಂಟು. ಇನ್ನು ಫೌಂಟನ್ ಪೆನ್ನಿನ ಮಾಮೂಲಿ ಇಂಕು: ಅದರಲ್ಲಿ ಮಸಿಯೂ ಇಲ್ಲ, ಅಂಟೂ ಇಲ್ಲವೆನ್ನುವಷ್ಟು ಕಡಿಮೆ. ಅದು ನೀರಿನಲ್ಲಿ ಕರಗಿದ ಬಣ್ಣ.

ಲೇಬಲ್ ಅಳಿಸಿಹೋಗಿದ್ದರೆ ಹೀಗೆ ಪರೀಕ್ಷಿಸಿ. ಮುಚ್ಚಳದ ಒಳಗೆ ಒಣಗಿ ಅಂಟಿರುವ ಇಂಕನ್ನು ಉಗುರಿನಿಂದ ಎಬ್ಬಿಸಿ. ರಬ್ಬರಿನ ಹಾಗೆ ಎಳೆದುಕೊಂಡು ಹಾಳೆಯಾಗಿ ಬಂದರೆ ಅಕ್ರಿಲಿಕ್. ಚಟ್ ಎಂದು ಮುರಿದು ಹೊಳೆಯುವ ಚೂರುಗಳಾದರೆ ಅರಗು ಅಥವಾ ಗೋಂದು. ಇವೆರಡರಲ್ಲಿ ಯಾವುದೆಂದು ತಿಳಿಯಲು ಕಾಗದದ ಮೇಲೆ ಒಂದು ದಪ್ಪ ಗೆರೆ ಎಳೆದು ಪೂರ್ತಿ 24 ಗಂಟೆ ಬಿಡಿ. ಆಮೇಲೆ ಒದ್ದೆ ಬೆರಳಿನಿಂದ ಉಜ್ಜಿ. ಕಪ್ಪು ಎದ್ದು ಬೆರಳಿಗೆ ಬಂದರೆ ಗೋಂದು, ಗೆರೆ ಕದಲದಿದ್ದರೆ ಅರಗು. ಒಂದು ಗಂಟೆಗೇ ಉಜ್ಜಿ ನೋಡಿ ತೀರ್ಮಾನಿಸಬೇಡಿ. ದಪ್ಪ ಗೆರೆಯಲ್ಲಿ ಅರಗು ಪೂರ್ತಿ ಬಿಗಿಯಲು ಹೊತ್ತು ಬೇಕು, ಮಳೆಗಾಲದಲ್ಲಿ ಇನ್ನೂ ಹೆಚ್ಚು.

ನೀರಿನ ವಿಚಾರ

ಅರಸೀಕೆರೆ, ಕಡೂರಿನಂಥ ಬಯಲು ಕಡೆ ಬೋರ್‌ವೆಲ್ ನೀರು ಗಡಸು ಎಂಬುದನ್ನು ಅಲ್ಲಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ, ಸೋಪು ನೊರೆ ಬರುವುದಿಲ್ಲ. ಆ ನೀರು ಸೋಪಿಗೆ ಏನು ಮಾಡುತ್ತದೋ ಅರಗಿನ ಇಂಕಿಗೂ ಅದನ್ನೇ ಮಾಡುತ್ತದೆ. ಕ್ಷಾರದಲ್ಲಿ ಕರಗಿದ ಅರಗು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಸೇರಿ ಕರಗದ ಕಣವಾಗಿ ಬೇರ್ಪಡುತ್ತದೆ. ಅದರ ಜೊತೆ ಮಸಿಯೂ ಗಂಟುಕಟ್ಟುತ್ತದೆ. ಹಾಗೆ ಒಡೆದ ಇಂಕನ್ನು ಮತ್ತೆ ಕೂಡಿಸಲಾಗುವುದಿಲ್ಲ.

ಬೇಕಾದದ್ದು ಡಿಸ್ಟಿಲ್ಡ್ ವಾಟರ್. ಪೆಟ್ರೋಲ್ ಬಂಕಿನಲ್ಲಿ, ಬ್ಯಾಟರಿ ಅಂಗಡಿಯಲ್ಲಿ ಸಿಗುವ ಬ್ಯಾಟರಿ ವಾಟರ್ ಸಾಕು. ಆದರೆ ಲೇಬಲ್ ಓದಿ ಕೊಳ್ಳಿ. ಅದೇ ಅಂಗಡಿಯಲ್ಲಿ ಬ್ಯಾಟರಿ ಆ್ಯಸಿಡ್ಡೂ ಇರುತ್ತದೆ. ಅದು ಕೈಯನ್ನೂ ಸುಡುತ್ತದೆ, ಇಂಕನ್ನೂ ಒಡೆಯುತ್ತದೆ. ತೀರ ಸ್ವಲ್ಪ ಬೇಕಿದ್ದರೆ ಮೆಡಿಕಲ್ ಶಾಪಿನಲ್ಲಿ ಇಂಜೆಕ್ಷನ್‌ಗೆ ಬಳಸುವ ಸ್ಟೆರೈಲ್ ವಾಟರ್ ಕೇಳಿ. ಆರ್‌ಒ ನೀರು ಎರಡನೇ ಆಯ್ಕೆ. ಮಲೆನಾಡಿನ ಭಾಗದವರಿಗೆ ಇನ್ನೊಂದು ದಾರಿ ಇದೆ: ಮಳೆ ಹಿಡಿದು ಅರ್ಧ ಗಂಟೆಯಾದ ಮೇಲೆ ಅಂಗಳದ ನಡುವೆ ಸ್ಟೀಲ್ ಪಾತ್ರೆ ಇಟ್ಟು ನೇರವಾಗಿ ಹಿಡಿದ ನೀರು. ಹೆಂಚಿನಿಂದ, ಆರ್‌ಸಿಸಿಯಿಂದ ಇಳಿದ ನೀರು ಬೇಡ. ಅದರಲ್ಲಿ ದೂಳು, ಸುಣ್ಣ ಎರಡೂ ಬರುತ್ತವೆ.

ಮಂದವಾಗಿದೆ, ಆದರೆ ಇನ್ನೂ ಹರಿಯುತ್ತಿದೆ

ಉಳಿಸಲು ಅತಿ ಸುಲಭವಾದ ಸ್ಥಿತಿ ಇದು. ನಿಬ್ಬನ್ನು ಅದ್ದಿ ಎತ್ತಿದಾಗ ಇಂಕು ಎಳೆಯಾಗಿ ಜಗ್ಗುತ್ತದೆ, ಗೆರೆ ಶುರುವಾಗಲು ತಡವರಿಸುತ್ತದೆ, ಶುರುವಾದ ಮೇಲೆ ದಪ್ಪಗೆ ಇಳಿಯುತ್ತದೆ. ಬೇಕಾದ ಸಾಮಾನು: 2 ಮಿ.ಲೀ. ಸಿರಿಂಜ್, ಡಿಸ್ಟಿಲ್ಡ್ ವಾಟರ್, ಚಿಕ್ಕ ಗಾಜಿನ ಬಾಟಲಿ, ನೀವು ದಿನಾ ಬಳಸುವ ಕಾಗದದ ಒಂದು ತುಂಡು.

1. ಬಾಟಲಿಯ ಕತ್ತು, ಮುಚ್ಚಳದ ಮರೆಗಳನ್ನು (ತಿರುಪಿನ ಗೆರೆಗಳನ್ನು) ಒದ್ದೆ ಬಟ್ಟೆಯಿಂದ ಒರೆಸಿ. ಅಲ್ಲಿ ಒಣಗಿದ ಚೂರು ಒಳಗೆ ಬಿದ್ದರೆ ನಿಬ್ಬಿನ ಸೀಳಿಗೆ ಹೋಗಿ ಕೂರುತ್ತದೆ.

2. ಇಡೀ ಬಾಟಲಿಯ ಮೇಲೆ ಪ್ರಯೋಗ ಬೇಡ. 5 ಮಿ.ಲೀ. ಇಂಕನ್ನು ಚಿಕ್ಕ ಬಾಟಲಿಗೆ ತೆಗೆದುಕೊಳ್ಳಿ.

3. ಅದಕ್ಕೆ 0.1 ಮಿ.ಲೀ. ನೀರು ಹಾಕಿ. ಸಿರಿಂಜಿನ ಒಂದು ಸಣ್ಣ ಗೆರೆ, ಸುಮಾರು 2 ತೊಟ್ಟು.

4. ಕುಲುಕಬೇಡಿ. ಎರಡು ಅಂಗೈ ನಡುವೆ ಬಾಟಲಿಯನ್ನು ಒಂದು ನಿಮಿಷ ಉರುಳಿಸಿ. ಕುಲುಕಿದರೆ ನೊರೆ ಬರುತ್ತದೆ; ಅರಗಿನ ಇಂಕಿನ ನೊರೆ ಬೇಗ ಇಳಿಯುವುದಿಲ್ಲ, ಗುಳ್ಳೆ ಒಡೆದಲ್ಲೆಲ್ಲ ಗೆರೆಯಲ್ಲಿ ಬಿಳಿ ಚುಕ್ಕೆ ಉಳಿಯುತ್ತದೆ.

5. ಅರ್ಧ ಗಂಟೆ ಬಿಟ್ಟು ಗೆರೆ ಎಳೆದು ನೋಡಿ. ಸಾಲದಿದ್ದರೆ ಮತ್ತೆ 0.1 ಮಿ.ಲೀ.

ಸರಿಯಾದ ಪ್ರಮಾಣ ಸಿಕ್ಕ ಮೇಲೆ ಅದೇ ಅನುಪಾತದಲ್ಲಿ ದೊಡ್ಡ ಬಾಟಲಿಗೆ ಹಾಕಿ. 5 ಮಿ.ಲೀ.ಗೆ 0.5 ಮಿ.ಲೀ., ಅಂದರೆ ನೂರಕ್ಕೆ ಹತ್ತು, ಸಾಮಾನ್ಯವಾಗಿ ನಿಲ್ಲಿಸಬೇಕಾದ ಗಡಿ. ಅದನ್ನು ದಾಟಿದರೆ ಕಪ್ಪು ಬೂದಿ ಬಣ್ಣಕ್ಕೆ ತಿರುಗುತ್ತದೆ, ಗೆರೆಯ ಅಂಚು ಕಾಗದದ ನಾರಿನೊಳಗೆ ಹರಡುತ್ತದೆ, ಅಂಟು ತೆಳುವಾಗಿ ರಬ್ಬರ್ ಹಾಕಿದಾಗ ಕಪ್ಪು ಎದ್ದುಬರುತ್ತದೆ. ಬಾಟಲಿ ಕೊಂಡ ದಿನವೇ ಇಂಕಿನ ಮಟ್ಟಕ್ಕೆ ಹೊರಗಿನಿಂದ ಗೆರೆ ಹಾಕಿ, ಸುರಿದುಕೊಂಡಾಗಲೆಲ್ಲ ಹೊಸ ಗೆರೆ ಹಾಕುತ್ತ ಬಂದಿದ್ದರೆ ಈ ಊಹೆಯೇ ಬೇಡ. ಕೊನೆಯ ಗೆರೆಗೂ ಈಗಿನ ಮಟ್ಟಕ್ಕೂ ಇರುವ ಅಂತರವೇ ಹಾರಿಹೋದ ನೀರು. ಎಲ್ಲರೂ ಮಾಡಬೇಕಾದ, ಯಾರೂ ಮಾಡದ ಕೆಲಸ ಇದು.

ನೀರು ಹಾಕಿದರೂ ಸರಿಹೋಗದಿದ್ದರೆ

ಕೆಲವು ಅರಗಿನ ಇಂಕುಗಳಲ್ಲಿ ಅರಗನ್ನು ಕರಗಿಸಿಟ್ಟಿರುವುದು ಅಮೋನಿಯಾ. ಮುಚ್ಚಳ ಸಡಿಲವಿದ್ದರೆ ಅಮೋನಿಯಾ ನೀರಿಗಿಂತ ಬೇಗ ಹಾರಿಹೋಗುತ್ತದೆ. ಆಗ ಕೊರತೆ ನೀರಿನದ್ದಲ್ಲ, ಕ್ಷಾರದ್ದು. ಬರೀ ನೀರು ಹಾಕುತ್ತ ಹೋದರೆ ಇಂಕು ತೆಳುವಾಗುತ್ತದೆಯೇ ಹೊರತು ಒಳಗಿನ ಲೋಳೆ ಬಿಡುವುದಿಲ್ಲ.

ಇದಕ್ಕೆ ಬಿಳಿಗಾರದ ನೀರು ಮಾಡಿಕೊಳ್ಳಿ. ಗ್ರಂಧಿಗೆ ಅಂಗಡಿಯಲ್ಲಿ ಬಿಳಿಗಾರ ಸಿಗುತ್ತದೆ. 50 ಮಿ.ಲೀ. ಉಗುರುಬೆಚ್ಚಗಿನ ಡಿಸ್ಟಿಲ್ಡ್ ವಾಟರಿಗೆ 1 ಗ್ರಾಂ, ಅಂದರೆ ಸುಮಾರು ಕಾಲು ಟೀ ಚಮಚ ಪುಡಿ ಹಾಕಿ, ಪೂರ್ತಿ ಕರಗಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ. 10 ಮಿ.ಲೀ. ಇಂಕಿಗೆ ಇದರ 3 ತೊಟ್ಟು ಹಾಕಿ, ಉರುಳಿಸಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ಲೋಳೆ ಸಡಿಲವಾಗಿದ್ದರೆ ಇನ್ನೂ 2 ತೊಟ್ಟು ಹಾಕಬಹುದು. ಅದಕ್ಕಿಂತ ಹೆಚ್ಚು ಬೇಡ. ಬಿಳಿಗಾರ ಹೆಚ್ಚಾದರೆ ಒಣಗಿದ ಗೆರೆ ನೀರಿಗೆ ಬಿಡತೊಡಗುತ್ತದೆ, ವಾಟರ್‌ಪ್ರೂಫ್ ಇಂಕು ಕೊಂಡ ಉದ್ದೇಶವೇ ಕೆಡುತ್ತದೆ. ಬಿಳಿಗಾರ ಹೊಟ್ಟೆಗೆ ಹೋಗಬಾರದ ವಸ್ತು. ಅಡುಗೆಯ ಚಮಚ, ಲೋಟ ಬಳಸಬೇಡಿ. ಬಾಟಲಿಗೆ ಹೆಸರು ಬರೆದು ಮಕ್ಕಳ ಕೈಗೆ ಸಿಗದ ಕಡೆ ಇಡಿ.

ಸ್ಪಿರಿಟ್, ಥಿನ್ನರ್, ಸ್ಯಾನಿಟೈಸರ್ ಹಾಕುವ ಸಲಹೆ ಕೇಳಿಬರುತ್ತದೆ. ಅರಗು ಸ್ಪಿರಿಟ್ಟಿನಲ್ಲಿ ಕರಗುವುದು ನಿಜ. ಆದರೆ ಬಾಟಲಿಯಲ್ಲಿರುವುದು ನೀರಿನ ಇಂಕು. ಅದಕ್ಕೆ ಸ್ಪಿರಿಟ್ ಬಿದ್ದರೆ ತೇಲುತ್ತಿದ್ದ ಮಸಿ ಒಟ್ಟುಗೂಡಿ ಕೆಳಗಿಳಿಯುತ್ತದೆ. ವಿನಿಗರ್, ನಿಂಬೆರಸ ಇನ್ನೂ ಕೆಟ್ಟದ್ದು: ಹುಳಿ ಕ್ಷಾರವನ್ನು ಕೊಲ್ಲುತ್ತದೆ, ಅರಗು ತಕ್ಷಣ ಬೇರ್ಪಡುತ್ತದೆ. ಕಪ್ಪು ಹೆಚ್ಚಿಸಲೆಂದು ಫೌಂಟನ್ ಪೆನ್ ಇಂಕು ಬೆರೆಸುವುದೂ ಅದೇ ಕಾರಣಕ್ಕೆ ಬೇಡ. ಅಂಥ ಹಲವು ಇಂಕುಗಳು ಹುಳಿ ಜಾತಿಯವು.

ಗಷ್ಟು, ಕೆನೆ, ಗಂಟು, ವಾಸನೆ

ತಳದಲ್ಲಿ ಗಷ್ಟು ಕೂತಿದ್ದರೆ ಹೆದರಬೇಕಿಲ್ಲ. ಮಸಿ ಭಾರಕ್ಕೆ ಇಳಿದಿರುತ್ತದೆ. ಬಾಟಲಿಯನ್ನು ತಲೆಕೆಳಗಾಗಿ ಒಂದು ದಿನ ಇಟ್ಟು (ಮುಚ್ಚಳ ಬಿಗಿಯಿರಲಿ, ಕೆಳಗೆ ತಟ್ಟೆ ಇರಲಿ), ಆಮೇಲೆ ಗಾಜಿನ ಕಡ್ಡಿಯಿಂದ ತಳ ಕೆದಕಿ ನಿಧಾನ ಕಲಸಿ. ಗಷ್ಟನ್ನು ಬಿಟ್ಟು ಮೇಲಿನ ತಿಳಿಯನ್ನಷ್ಟೇ ಬಳಸಿದರೆ ಕಪ್ಪು ಬರುವುದಿಲ್ಲ.

ಮೇಲೆ ಕೆನೆ ಕಟ್ಟಿದ್ದರೆ ಅದನ್ನು ಒಳಗೆ ಕಲಸಬೇಡಿ. ಟೂತ್‌ಪಿಕ್‌ನಿಂದ ಒಂದೇ ತುಂಡಾಗಿ ಎತ್ತಿ ಎಸೆಯಿರಿ. ಚೂರುಗಳು ಬಿದ್ದಿದ್ದರೆ ಹಳೇ ನೈಲಾನ್ ಕಾಲುಚೀಲದ ತುಂಡಿನಲ್ಲಿ ಸೋಸಿ. ಹಿಂಡಬೇಡಿ, ತಾನಾಗಿ ಇಳಿಯಲಿ. ಟೀ ಜರಡಿ ಇದಕ್ಕೆ ತುಂಬ ದೊಡ್ಡ ಕಣ್ಣಿನದು.

ಗಂಟು ಬೇರೆ ಮಾತು. ಬಿಳಿ ತಟ್ಟೆಯ ಮೇಲೆ ಒಂದು ತೊಟ್ಟು ಇಂಕು ಹಾಕಿ, ಒಂದು ತೊಟ್ಟು ಡಿಸ್ಟಿಲ್ಡ್ ವಾಟರ್ ಸೇರಿಸಿ, ತಟ್ಟೆಯನ್ನು ಓರೆ ಮಾಡಿ. ಒಳ್ಳೆಯ ಇಂಕು ನಯವಾದ ಬೂದು ಬಣ್ಣವಾಗಿ ಹರಡುತ್ತದೆ. ಕೆಟ್ಟ ಇಂಕು ಒಡೆದ ಹಾಲಿನಂತೆ ಕಪ್ಪು ಕಣ ಬೇರೆ, ಮಾಸಲು ನೀರು ಬೇರೆಯಾಗಿ ಇಳಿಯುತ್ತದೆ. ಹಾಗಾದರೆ ಅದರ ಮೇಲೆ ಹೊತ್ತು ಕಳೆಯಬೇಡಿ.

ಗೋಂದಿನ ಇಂಕಿಗೆ ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು ಬರುತ್ತದೆ. ಕೊಳೆತ ವಾಸನೆ ಬಂದರೆ, ಬಿಳಿ ಹತ್ತಿಯಂಥದ್ದು ತೇಲಿದರೆ ಎಸೆಯುವುದೇ ಸರಿ. ಅಂಟು ಆಗಲೇ ಸತ್ತಿರುತ್ತದೆ, ಬೂಷ್ಟು ಚಿತ್ರದ ಕಾಗದಕ್ಕೂ ದಾಟುತ್ತದೆ. ಒಳ್ಳೆಯ ಸ್ಥಿತಿಯಲ್ಲಿರುವಾಗಲೇ 30 ಮಿ.ಲೀ.ಗೆ ಒಂದು ತೊಟ್ಟು ಲವಂಗದ ಎಣ್ಣೆ ಹಾಕಿಟ್ಟರೆ ಬೂಷ್ಟು ತಡೆಯುತ್ತದೆ. ಅಮೋನಿಯಾದ ಘಾಟು ಮಾತ್ರ ಕೆಟ್ಟ ವಾಸನೆಯಲ್ಲ, ಅರಗಿನ ಇಂಕಿನಲ್ಲಿ ಅದು ಇರಬೇಕಾದದ್ದೇ.

ಪೂರ್ತಿ ಒಣಗಿಹೋಗಿದ್ದರೆ

ಫೌಂಟನ್ ಪೆನ್ ಇಂಕು ನೀರು ಹಾಕಿದರೆ ಹೆಚ್ಚುಕಡಿಮೆ ಮೊದಲಿನಂತೆ ಕರಗುತ್ತದೆ. ಗೋಂದಿನ ಇಂಕೂ ಒಂದೆರಡು ದಿನ ನೆನೆದರೆ ಬಹುಪಾಲು ಬರುತ್ತದೆ, ಸೋಸಿ ಬಳಸಬಹುದು. ಕಲ್ಲಿನ ಮೇಲೆ ತೇಯುವ ಚೀನಾ, ಜಪಾನ್ ಮಾದರಿಯ ಇಂಕಿನ ಕಡ್ಡಿ ಇರುವುದೇ ಒಣಗಿದ ರೂಪದಲ್ಲಿ. ಬೇಕಾದಾಗ ಬೇಕಾದಷ್ಟು ತೇಯ್ದುಕೊಳ್ಳುವುದು. ಅಪರೂಪಕ್ಕೆ ಇಂಕು ಬಳಸುವವರಿಗೆ ಬಾಟಲಿಗಿಂತ ಅದೇ ವಾಸಿ.

ಅಕ್ರಿಲಿಕ್ ಒಣಗಿದರೆ ಮುಗಿಯಿತು. ಅದರ ಕಣಗಳು ಒಂದಕ್ಕೊಂದು ಬೆಸೆದು ಪ್ಲಾಸ್ಟಿಕ್ ಹಾಳೆಯಾಗಿರುತ್ತವೆ. ಒಣಗಿದ ಅರಗಿನ ಇಂಕನ್ನು ಬಿಳಿಗಾರದ ನೀರಿನಲ್ಲಿ ಎರಡು ಮೂರು ದಿನ ನೆನೆಸಿದರೆ ಕರಗೀತು, ಆದರೆ ಮಸಿ ಮೊದಲಿನ ನಯಕ್ಕೆ ಬರುವುದಿಲ್ಲ. ಬ್ರಷ್ಷಿನಿಂದ ದೊಡ್ಡ ಜಾಗ ಕಪ್ಪು ತುಂಬಲು ಮಾತ್ರ ಅದನ್ನು ಇಟ್ಟುಕೊಳ್ಳಿ. ನಿಬ್ಬಿಗೆ ಹಾಕಬೇಡಿ, ಮೊನೆಯಲ್ಲಿ ಸಣ್ಣ ಕೊಳವೆ ಇರುವ ಟೆಕ್ನಿಕಲ್ ಪೆನ್ನಿಗಂತೂ ಬೇಡವೇ ಬೇಡ.

ಪೆನ್ನಿನೊಳಗೆ ಒಣಗಿದ ಇಂಕು

ಅದ್ದುವ ನಿಬ್ಬು ಸುಲಭ. ಒಂದು ಲೋಟ ಬೆಚ್ಚಗಿನ ನೀರಿಗೆ ಒಂದು ಟೀ ಚಮಚ ವಾಷಿಂಗ್ ಸೋಡಾ ಹಾಕಿ ನಿಬ್ಬನ್ನು 20 ನಿಮಿಷ ನೆನೆಸಿ, ಹಳೇ ಟೂತ್‌ಬ್ರಷ್‌ನಿಂದ ಬುಡದಿಂದ ಮೊನೆಯ ಕಡೆಗೆ ಉಜ್ಜಿ, ತೊಳೆದು ಕೂಡಲೇ ಒರೆಸಿ. ಒದ್ದೆ ಬಿಟ್ಟರೆ ರಾತ್ರಿ ಕಳೆಯುವುದರೊಳಗೆ ತುಕ್ಕು. ಬ್ಲೇಡಿನಿಂದ ಕೆರೆದರೆ ಮೊನೆಯ ಎರಡು ಹಲ್ಲು ಒಂದರ ಮೇಲೊಂದು ಹತ್ತುತ್ತವೆ, ಬೆಂಕಿಗೆ ಹಿಡಿದರೆ ಉಕ್ಕಿನ ಸ್ಪ್ರಿಂಗು ಹೋಗುತ್ತದೆ. ಎರಡು ಎಸಳಿನ ನಡುವೆ ಇಂಕು ಹಿಡಿದು ಗೆರೆ ಎಳೆಯುವ ರೂಲಿಂಗ್ ಪೆನ್ನಾದರೆ ಸ್ಕ್ರೂ ಸಡಿಲಿಸಿ ಎರಡೂ ಎಸಳಿನ ಒಳಮೈ ಒರೆಸಿದರೆ ಆಯಿತು.

ತಾಳ್ಮೆ ಬೇಡುವುದು ರಾಟ್ರಿಂಗ್‌ನಂಥ ಟೆಕ್ನಿಕಲ್ ಪೆನ್ನು. ಅದರ ಕೊಳವೆಯೊಳಗೆ ಕೂದಲೆಳೆಯಂಥ ಒಂದು ತಂತಿ, ಅದರ ಹಿಂದೆ ಚಿಕ್ಕ ತೂಕ ಇರುತ್ತದೆ. ಪೆನ್ನು ಅಲ್ಲಾಡಿಸಿದಾಗ ತೂಕ ಮೇಲೆ ಕೆಳಗೆ ಓಡಿ ತಂತಿಯು ಕೊಳವೆಯ ಬಾಯನ್ನು ತೆರವು ಮಾಡುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ: ಟಿಕ್ ಟಿಕ್ ಎಂದರೆ ತಂತಿ ಬಿಡುವಾಗಿದೆ, ಸದ್ದೇ ಇಲ್ಲದಿದ್ದರೆ ಒಳಗೆ ಇಂಕು ಕಚ್ಚಿಕೊಂಡಿದೆ. ಸದ್ದು ಇದ್ದೂ ಇಂಕು ಬಾರದಿದ್ದರೆ ನಿಬ್ಬಿನ ಮೈಸುತ್ತ ಸುರುಳಿಯಾಗಿ ಹೋಗುವ ಗಾಳಿದಾರಿ ಕಟ್ಟಿರುತ್ತದೆ. ಗಾಳಿ ಒಳಗೆ ಹೋಗದೆ ಇಂಕು ಹೊರಗೆ ಬರದು.

ಮೊದಲು ಇಂಕು ತುಂಬುವ ಕಾರ್ಟ್ರಿಜ್ ತೆಗೆದು ಉಳಿದ ಇಂಕನ್ನು ಚೆಲ್ಲಿ. ಪೆನ್ನಿನ ಜೊತೆ ಬಂದ ಕೀಲಿಯಿಂದ ನಿಬ್ಬಿನ ಭಾಗವನ್ನು ಬಿಚ್ಚಿ. ಇಕ್ಕಳ ಹಾಕಿದರೆ ಪ್ಲಾಸ್ಟಿಕ್ ಸೀಳುತ್ತದೆ. ಕೋಣೆಯ ಬಿಸಿಯ ನೀರಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ನೀರು ಬದಲಿಸಿ. ಸಿರಿಂಜಿನ ತುದಿಗೆ ಮೆತ್ತನೆಯ ರಬ್ಬರ್ ಟ್ಯೂಬ್ ಸಿಕ್ಕಿಸಿ, ನಿಬ್ಬಿನ ಹಿಂಬದಿಯಿಂದ ಮೆಲ್ಲಗೆ ನೀರು ತಳ್ಳಿ. ತಡೆ ಸಿಕ್ಕರೆ ಒತ್ತಡ ಹೆಚ್ಚಿಸಬೇಡಿ, ಮತ್ತೆ ನೆನೆಸಿ. ಆಗಲೂ ಬಿಡದಿದ್ದರೆ ಮೇಲೆ ಹೇಳಿದ ಬಿಳಿಗಾರದ ನೀರಿನಲ್ಲಿ ಇನ್ನೊಂದು ರಾತ್ರಿ ಇಡಿ, ಆಮೇಲೆ ಚೆನ್ನಾಗಿ ತೊಳೆಯಿರಿ. ಕುದಿನೀರು, ಅಸಿಟೋನ್, ಥಿನ್ನರ್ ತೋರಿಸಲೇಬೇಡಿ.

0.35 ಮಿ.ಮೀ.ಗಿಂತ ಸಣ್ಣ ಗೆರೆಯ ನಿಬ್ಬಿನ ತಂತಿಯನ್ನು ಹೊರಗೆಳೆಯಬೇಡಿ. ಪೆನ್ನಿನ ಮೇಲೆ ಬಿಳಿ ಪಟ್ಟಿ ಇದ್ದರೆ 0.25, ಕೆಂಪಿದ್ದರೆ 0.18, ನೇರಳೆಯಿದ್ದರೆ 0.13, ಈ ಮೂರರಲ್ಲೂ ತಂತಿ ಒಮ್ಮೆ ಬಾಗಿದರೆ ಮತ್ತೆ ಕೊಳವೆಗೆ ಸೇರುವುದಿಲ್ಲ, ಹೊಸ ನಿಬ್ಬೇ ಗತಿ. ಹಳದಿ ಪಟ್ಟಿಯ 0.35, ಕಂದು ಪಟ್ಟಿಯ 0.5 ಮತ್ತು ಅದಕ್ಕಿಂತ ದಪ್ಪದವುಗಳಲ್ಲಿ ಬೇಕೇಬೇಕೆಂದರೆ ನೇರವಾಗಿ ಎಳೆದು ಶುಚಿ ಮಾಡಬಹುದು.

ಪೆನ್ನು ತಯಾರಾದ ಮೇಲೆ ಟೆಕ್ನಿಕಲ್ ಪೆನ್ನಿಗೆಂದೇ ಬರುವ ಇಂಕು ತುಂಬಿ. ಅದ್ದುವ ನಿಬ್ಬಿನ ಅರಗಿನ ಇಂಕನ್ನು ಇದಕ್ಕಾಗಲಿ ಫೌಂಟನ್ ಪೆನ್ನಿಗಾಗಲಿ ಹಾಕಬಾರದು. ನೀರು ಹಾಕಿ ಸರಿಮಾಡಿದ ಹಳೇ ಇಂಕೂ ಬೇಡ. ಕಣ್ಣಿಗೆ ಕಾಣದ ಗಂಟು ನಿಬ್ಬಿಗೆ ತೊಂದರೆ ಕೊಡದಿದ್ದರೂ 0.18ರ ಕೊಳವೆಯನ್ನು ಮುಚ್ಚಲು ಸಾಕು.

ಮತ್ತೆ ಗಟ್ಟಿಯಾಗದಂತೆ

ದೊಡ್ಡ ಬಾಟಲಿಗೆ ನಿಬ್ಬು ಅದ್ದುವ ಅಭ್ಯಾಸ ಬಿಡಿ. ಆ ದಿನಕ್ಕೆ ಬೇಕಾದ 2–3 ಮಿ.ಲೀ. ಇಂಕನ್ನು ಔಷಧಿ ಬಾಟಲಿಯ ಅಳತೆ ಮುಚ್ಚಳಕ್ಕೋ ಚಿಕ್ಕ ಗಾಜಿನ ಶೀಷೆಗೋ ಸುರಿದುಕೊಂಡು, ದೊಡ್ಡದನ್ನು ತಕ್ಷಣ ಮುಚ್ಚಿ. ಉಳಿದದ್ದನ್ನು ವಾಪಸು ಸುರಿಯಬೇಡಿ. ಅದರಲ್ಲಿ ಕಾಗದದ ನಾರು, ನಿಬ್ಬು ತೊಳೆದ ನೀರು ಸೇರಿರುತ್ತದೆ. ಮುಚ್ಚಳದ ಮರೆಗೆ ವ್ಯಾಸಲೀನನ್ನು ತೀರ ತೆಳ್ಳಗೆ ಸವರಿದರೆ ಗಾಳಿಯೂ ಆಡುವುದಿಲ್ಲ, ಮುಚ್ಚಳವೂ ಕಚ್ಚುವುದಿಲ್ಲ. ಬಾಟಲಿಯನ್ನು ನೆಟ್ಟಗೆ, ಕತ್ತಲ ಕಪಾಟಿನಲ್ಲಿಡಿ. ಫ್ರಿಜ್ಜು ಬೇಡ, ಅಪ್ಪಿತಪ್ಪಿ ಹೆಪ್ಪುಗಟ್ಟಿದರೆ ಅಕ್ರಿಲಿಕ್ಕೂ ಅರಗೂ ಎರಡೂ ಒಡೆಯುತ್ತವೆ.

ಬೇಲೂರು, ಹಳೇಬೀಡಿನಲ್ಲಿ ಕೂತು ಬರೆಯುವವರು ಬಾಟಲಿಯನ್ನು ಬಿಸಿಲಿಗೆ ಕಾದ ಕಲ್ಲಿನ ಮೇಲೆ ಇಡಬೇಡಿ. ಫೆಬ್ರವರಿ ಕಳೆದ ಮೇಲೆ ಜಗಲಿಯ ಕಲ್ಲು ಬರಿಗಾಲು ಸುಡುವಷ್ಟು ಕಾಯುತ್ತದೆ. ತೆರೆದ ಮುಚ್ಚಳದಲ್ಲಿನ ಇಂಕು ಒಂದು ಮದನಿಕೆಯ ಗೆರೆ ಮುಗಿಯುವುದರೊಳಗೆ ಮಂದವಾಗುತ್ತದೆ. ಚೀಲದಲ್ಲಿ 5 ಮಿ.ಲೀ. ಮಾತ್ರ ಒಯ್ಯಿರಿ, ಜೊತೆಗೆ ಡಿಸ್ಟಿಲ್ಡ್ ವಾಟರಿನ ಚಿಕ್ಕ ಶೀಷೆ ಇರಲಿ, ಗಂಟೆಗೊಮ್ಮೆ ಒಂದು ತೊಟ್ಟು ಸೇರಿಸಿ. ಇಂಕನ್ನು ಅಂಚಿರುವ ಪ್ಲಾಸ್ಟಿಕ್ ಟ್ರೇಯಲ್ಲೇ ಇಟ್ಟುಕೊಂಡು ಬರೆಯಿರಿ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಈ ಗುಡಿಗಳ ಕಲ್ಲಿನ ಮೇಲೆ ಅರಗಿನ ಇಂಕು ಚೆಲ್ಲಿದರೆ ನೀರಿಗೆ ಹೋಗುವುದಿಲ್ಲ, ಉಜ್ಜಿದರೆ ಬಳಪದ ಕಲ್ಲೇ ಸವೆಯುತ್ತದೆ. ನಿಬ್ಬು ತೊಳೆದ ನೀರನ್ನು ಕಲ್ಯಾಣಿಗೋ ಹುಲ್ಲುಹಾಸಿಗೋ ಚೆಲ್ಲದೆ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಮನೆಗೆ ತನ್ನಿ.